ಪಟ್ಟಿಯ ಮೊದಲ ಹೆಸರು

ಅಮ್ಮನ ಮಾತು ಹೋದ ಚಳಿಗಾಲದಲ್ಲಿ ಮಗಳು ಆರನೇ ತರಗತಿಯಲ್ಲಿದ್ದಳು. ಇಸವಿ ಹದಿನಾಲ್ಕೋ ಹದಿನೈದೋ ಎಂದು ಯಾರಾದರೂ ಕೇಳಿದರೆ ನಾನು ಡೈರಿ ತೆರೆದು ನೋಡಬೇಕಾಗುತ್ತದೆ. ಡೈರಿಯಲ್ಲಿದೆ ಎಂದ ಮಾತ್ರಕ್ಕೆ ನಂಬುವುದೂ ಈಗ ನನಗೆ ಸುಲಭವಲ್ಲ. ಬರೆದವನೂ ನಾನೇ. ಆ ಕೆಲವು ವಾರಗಳ ಪುಟಗಳಲ್ಲಿ ‘ಅಮ್ಮನಿಗೆ ಅರ್ಥವಾಗುತ್ತಿಲ್ಲ’ ಎಂಬ ವಾಕ್ಯ ನಾಲ್ಕು ಸಲ ಇದೆ. ಅಕ್ಷರ ದುಂಡಗಿದೆ, ಎಲ್ಲೂ ಚಿತ್ತಿಲ್ಲ. ಅಷ್ಟು ಖಚಿತವಾಗಿ ಹೇಗೆ ಬರೆದೆ ಎಂಬುದು ನನಗೆ ಇನ್ನೂ ತಿಳಿದಿಲ್ಲ.

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಮ್ಮ ಮೈಸೂರಿನಿಂದ ಆರು ತಿಂಗಳಿಗೆಂದು ಅಮೆರಿಕದ ಸಮಾಮಿಶ್‌ನ ನಮ್ಮ ಮನೆಗೆ ಬಂದಿದ್ದಳು. ಮಾರ್ಚಿ ಕೊನೆಗೆ ವಾಪಸು ಟಿಕೆಟ್ ಇತ್ತು. ಜನವರಿಯ ಒಂದು ಬೆಳಿಗ್ಗೆ ಊಟದ ಮೇಜಿನ ಬಳಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದವಳ ಬಲಗೈಯಿಂದ ಕಡ್ಡಿ ಜಾರಿ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಬೇರೆ ಯಾರದೋ ಕೈ ತನ್ನ ಮಡಿಲಿಗೆ ಬಂದು ಬಿದ್ದಿದೆ ಎಂಬಂತೆ ಕೈಯನ್ನೇ ನೋಡುತ್ತ ಕೂತಳು. ಏನಾಯ್ತಮ್ಮ ಎಂದೆ. ಬಾಯಿ ತೆರೆದಳು. ‘ಆ’ ಎಂಬುದು ಬಿಟ್ಟರೆ ಏನೂ ಬರಲಿಲ್ಲ.

ಮಿದುಳಿನ ಎಡಭಾಗದಲ್ಲಿ, ಮಾತು ಇರುವ ಜಾಗದಲ್ಲೇ, ರಕ್ತ ಹೆಪ್ಪುಗಟ್ಟಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಹತ್ತು ದಿನದ ಮೇಲೆ ಮನೆಗೆ ಕರೆತಂದೆವು. ಬಲಗಾಲು ಎಳೆಯುತ್ತಿತ್ತು, ಬಲಗೈ ಏಳುತ್ತಿರಲಿಲ್ಲ. ಎಡಗೈಯಲ್ಲಿ ತಿನ್ನಲು ಅವಳು ಒಪ್ಪದೆ ಎರಡು ದಿನ ಬಾಯಿ ಬಿಗಿಹಿಡಿದಳು. ಆಮೇಲೆ ಹೆಂಡತಿ ಚಮಚದಲ್ಲಿ ತಿನ್ನಿಸತೊಡಗಿದಳು. ಮಾತು ಸ್ವಲ್ಪವಾದರೂ ಮರಳಬೇಕಾದರೆ ಮೊದಲ ತಿಂಗಳುಗಳಲ್ಲೇ ಅಭ್ಯಾಸ ಆಗಬೇಕು ಎಂದಿದ್ದರು ಡಾಕ್ಟರು. ವಿಸಿಟರ್ ಇನ್ಶೂರೆನ್ಸ್‌ನವರು ಸ್ಪೀಚ್ ಥೆರಪಿಗೆ ಎಂಟು ಭೇಟಿ ಒಪ್ಪಿದರು. ಪ್ರಗತಿ ಕಂಡರೆ ಇನ್ನಷ್ಟು ಕೊಡುತ್ತಾರೆ, ಕಾಣದಿದ್ದರೆ ಅಲ್ಲಿಗೆ ಮುಗಿಯಿತು. ಎಂಟು ಭೇಟಿಯೊಳಗೆ ಅಮ್ಮನ ಬಾಯಿಂದ ಒಂದಾದರೂ ಪದ ಬರಬೇಕಿತ್ತು.

ಥೆರಪಿಸ್ಟ್ ಐವತ್ತು ದಾಟಿದ ಹೆಂಗಸು. ಮಾತಿನಲ್ಲಿ ಅವಸರವಿರಲಿಲ್ಲ. ಅವರಿಗೆ ಕನ್ನಡ ಬಾರದು, ಅಮ್ಮನಿಗೆ ಇಂಗ್ಲಿಷ್ ಬಾರದು. ಫೋನಿನಲ್ಲಿ ದುಭಾಷಿಯನ್ನು ಕರೆಸಬಹುದಿತ್ತು. ನಾನೇ ಇದ್ದೇನಲ್ಲ ಎಂದೆ. ಮೊದಲ ದಿನ ಅವರು ನನ್ನ ಕೈಗೆ ಒಂದು ಹಾಳೆ ಕೊಟ್ಟು, ನಿಮ್ಮ ತಾಯಿ ಜೀವನದಲ್ಲಿ ಅತಿ ಹೆಚ್ಚು ಸಲ ಆಡಿದ ಹತ್ತು ಪದ ಬರೆಯಿರಿ ಎಂದರು. ಹೆಚ್ಚು ತುಳಿದ ದಾರಿಯೇ ಮೊದಲು ತೆರೆದುಕೊಳ್ಳುವುದು, ಹತ್ತಿರದವರ ಹೆಸರುಗಳಿಂದ ಶುರುಮಾಡೋಣ ಎಂದು ವಿವರಿಸಿದರು. ಕಾಯುವ ಕೋಣೆಯಲ್ಲಿ ಕೂತು ಬರೆದೆ. ಮೊದಲು ಅಪ್ಪನ ಹೆಸರು. ಆಮೇಲೆ ನನ್ನದು, ಹೆಂಡತಿಯದು, ಮಗಳದು. ಆಮೇಲೆ ಕಾಫಿ, ನೀರು, ಅನ್ನ, ದೇವರು, ಸಾಕು, ಬಾ. ನಲವತ್ತಾರು ವರ್ಷ ಸಂಸಾರ ಮಾಡಿದವಳ ಬಾಯಲ್ಲಿ ಗಂಡನ ಹೆಸರಿಗಿಂತ ಹೆಚ್ಚು ಓಡಾಡಿದ ಪದ ಯಾವುದಿದ್ದೀತು ಎಂದುಕೊಂಡೆ. ಬರೆಯಲು ಎರಡು ನಿಮಿಷ ಹಿಡಿದಿರಬಹುದು. ಯೋಚಿಸಿ ಬರೆದೆ ಎಂದು ಡೈರಿ ಹೇಳುತ್ತದೆ.

ಪ್ರತಿ ಭೇಟಿಯೂ ಒಂದೇ ಕ್ರಮದಲ್ಲಿ ನಡೆಯುತ್ತಿತ್ತು. ಥೆರಪಿಸ್ಟ್ ಅಪ್ಪನ ಫೋಟೋ ಎತ್ತಿ ಅಮ್ಮನ ಮುಂದೆ ಹಿಡಿಯುವರು. ಇವರ ಹೆಸರೇನು ಎಂದು ನಾನು ಕನ್ನಡದಲ್ಲಿ ಕೇಳಬೇಕು. ಉತ್ತರ ಬಾರದಿದ್ದರೆ ಹೆಸರಿನ ಮೊದಲ ಅಕ್ಷರ ನುಡಿದು ನಿಲ್ಲಿಸಬೇಕು, ಉಳಿದದ್ದನ್ನು ಅಮ್ಮ ಪೂರೈಸಬೇಕು. ಅದೂ ಆಗದಿದ್ದರೆ ಇಡೀ ಹೆಸರನ್ನು ನಾನು ಹೇಳಿ, ಅವಳಿಂದ ಮತ್ತೆ ಹೇಳಿಸಬೇಕು. ಅಪ್ಪನ ಹೆಸರನ್ನು ನಾನು ಅದುವರೆಗೆ ಅರ್ಜಿಗಳಲ್ಲಿ ಬರೆದಿದ್ದೆನೇ ಹೊರತು ಅಮ್ಮನ ಎದುರು ಹಾಗೆ ಬೋಳಾಗಿ, ಪಕ್ಕದ ಮನೆಯ ಹುಡುಗನನ್ನು ಕೂಗಿದಂತೆ, ಉಚ್ಚರಿಸಿದವನಲ್ಲ. ಅಮ್ಮ ತುಟಿ ಒಳಕ್ಕೆ ಎಳೆದುಕೊಂಡು ಮುಖ ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು. ನಾನು ಇನ್ನೂ ಗಟ್ಟಿಯಾಗಿ, ಇನ್ನೂ ಬಿಡಿಸಿ ಹೇಳುತ್ತಿದ್ದೆ. ಹತ್ತು ನಿಮಿಷ ಅದರಲ್ಲೇ ಕಳೆದ ಮೇಲೆ ಕಾಫಿ ಎಂದರೂ ನೀರು ಎಂದರೂ ಅವಳು ಈ ಕಡೆ ತಿರುಗುತ್ತಿರಲಿಲ್ಲ. ಥೆರಪಿಸ್ಟ್ ತಮ್ಮ ಹಾಳೆಯಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದರು.

ಆರನೇ ಭೇಟಿಯ ಕೊನೆಗೆ ಅವರು ನನ್ನನ್ನು ಹೊರಗೆ ಕರೆದರು. ಮಾತು ಬಾರದಿರುವುದು ಒಂದು, ಹೇಳಲು ಪ್ರಯತ್ನವನ್ನೇ ಮಾಡದಿರುವುದು ಇನ್ನೊಂದು ಎಂದರು. ಅತ್ಯಂತ ಪರಿಚಿತ ಹೆಸರಿಗೂ ಪ್ರತಿಕ್ರಿಯೆ ಇಲ್ಲದಿರುವುದರಿಂದ ತಿಳಿವಳಿಕೆಯೂ ಬಹಳ ಮಟ್ಟಿಗೆ ಹೋಗಿರಬಹುದು ಎಂದು ತಾವು ಬರೆಯಬೇಕಾಗುತ್ತದೆ ಎಂದರು. ಉಳಿದ ಎರಡು ಭೇಟಿಯಲ್ಲಿ ನಮಗೆ ಚಿತ್ರದ ಹಲಗೆ ಬಳಸುವುದನ್ನು ಕಲಿಸಿದರು. ಲೋಟ, ತಟ್ಟೆ, ಹಾಸಿಗೆ, ಕಮೋಡು, ಅಳುವ ಮುಖ. ಬೇಕಾದದ್ದನ್ನು ಅಮ್ಮ ಬೆರಳಿಟ್ಟು ತೋರಿಸಬೇಕು.

ಆ ಆರನೇ ಭೇಟಿಯಿಂದ ಬಂದ ಸಂಜೆ ಅಡುಗೆಮನೆಯ ಕಟ್ಟೆಗೆ ಒರಗಿ ಹೆಂಡತಿಗೆ ಎಲ್ಲ ಹೇಳಿದೆ. ಅಮ್ಮ ಊಟದ ಮೇಜಿನ ಹತ್ತಿರದ ಕುರ್ಚಿಯಲ್ಲಿದ್ದಳು. ನಡುವೆ ಇದ್ದದ್ದು ನಾಲ್ಕು ಹೆಜ್ಜೆ. ದನಿ ತಗ್ಗಿಸಬೇಕು ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಮಾರ್ಚಿಯಲ್ಲಿ ಯಾರು ಕರೆದುಕೊಂಡು ಹೋಗುವುದು, ಮೈಸೂರಿನಲ್ಲಿ ಯಾರು ನೋಡಿಕೊಳ್ಳುವುದು, ಆಳು ಸಿಗುತ್ತಾರೋ ಇಲ್ಲವೋ ಎಂದೆಲ್ಲ ಮಾತಾಡಿದೆವು. ಕಡೆಗೆ ನಾನು ಹೇಳಿದ ಮಾತು ಡೈರಿಯಲ್ಲಿದೆ, ಆದ್ದರಿಂದ ಅದನ್ನು ನಾನು ಕಲ್ಪಿಸಿಕೊಂಡದ್ದಲ್ಲ.

“ಅವಳಿಗೆ ಅಪ್ಪನ ಹೆಸರೇ ಮರ್ತೋಗಿದೆ ಕಣೇ. ಇನ್ನೇನು ಉಳಿದಿರತ್ತೆ ಹೇಳು.”

ಅಮ್ಮ ಎಡಗೈಯಿಂದ ಮೇಜನ್ನು ಎರಡು ಸಲ ಬಡಿದಳು. ಹೆಂಡತಿ ಓಡಿಹೋಗಿ ನೀರು ಕುಡಿಸಿದಳು. ಅಮ್ಮ ನೀರನ್ನು ಹೊರಕ್ಕೆ ಬಿಟ್ಟಳು. ನುಂಗಲು ಕಷ್ಟವಾಗುತ್ತಿದೆ ಎಂದು ಅದನ್ನೂ ಬರೆದುಕೊಂಡೆ.

ಇದೇ ದಿನಗಳಲ್ಲಿ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಆರನೆಯವರು ಒಬ್ಬೊಬ್ಬರೂ ಎರಡನೇ ತರಗತಿಯ ಪುಟ್ಟ ಮಕ್ಕಳಿಗೆ ಹತ್ತು ನಿಮಿಷದ ಪಾಠ ಮಾಡಬೇಕು. ಇವಳ ಪಾಲಿಗೆ ಬಂದದ್ದು ಹಳೆಯ ಈಜಿಪ್ಟಿನವರ ಚಿತ್ರಲಿಪಿ. ಅಮ್ಮನ ಕಿವಿಗೆ ಆದಷ್ಟು ಕನ್ನಡ ಬೀಳುತ್ತಿರಲಿ ಎಂದು ಥೆರಪಿಸ್ಟ್ ಮೊದಲೇ ಹೇಳಿದ್ದರು. ಅದಕ್ಕೆ ನಾನು, ಪಾಠದ ಅಭ್ಯಾಸ ಅಜ್ಜಿಯ ಮುಂದೆ ಕನ್ನಡದಲ್ಲೇ ಆಗಬೇಕು ಎಂದು ಹಟ ಹಿಡಿದೆ. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು. ತನಗೆ ಅಷ್ಟೊಂದು ಪದ ಗೊತ್ತಿಲ್ಲ ಎಂದು ಗೋಗರೆದಳು. ಪದ ನಾನು ಕೊಡುತ್ತೇನೆ ಎಂದೆ. ಹೀಗೆ ಆ ಮನೆಯಲ್ಲಿ ಇಬ್ಬರಿಗೆ ನಾನು ಪದ ಕೊಡುವವನಾದೆ.

ಊಟದ ಕೋಣೆಯ ಗೋಡೆಗೆ ದೊಡ್ಡ ಹಾಳೆಗಳನ್ನು ಅಂಟಿಸಿ ಅವಳು ಕಪ್ಪು ಮಾರ್ಕರ್‌ನಲ್ಲಿ ಚಿತ್ರ ಬರೆದಳು. ಗೂಬೆ, ನೀರಿನ ಅಲೆ, ಬಾಯಿ, ಅಂಗೈ. ಎಲ್ಲರೂ ಮಾಡುವ ತಪ್ಪಿನಿಂದಲೇ ಪಾಠ ಶುರುವಾಗುತ್ತಿತ್ತು. ಗೂಬೆಯ ಚಿತ್ರ ಕಂಡರೆ ಇಲ್ಲಿ ಗೂಬೆಯ ಕತೆ ಇದೆ ಎಂದುಕೊಳ್ಳುತ್ತೇವೆ. ಹೆಚ್ಚಿನ ಕಡೆ ಅದಕ್ಕೂ ಗೂಬೆಗೂ ಸಂಬಂಧವಿಲ್ಲ, ಅದು ‘ಮ್’ ಎಂಬ ದನಿ ಅಷ್ಟೆ. ಅಲೆ ಎಂದರೆ ‘ನ್’. ಬಾಯಿ ಎಂದರೆ ‘ರ್’. ಅಂಗೈ ಎಂದರೆ ‘ದ್’. ಚಿತ್ರವನ್ನು ನೋಡಬಾರದು, ಕೇಳಬೇಕು. ಆದರೆ ಬಾಯಿಯ ಕೆಳಗೆ ಒಂದು ಚಿಕ್ಕ ನೆಟ್ಟಗೆರೆ ಎಳೆದಿದ್ದರೆ ಆಗ ಅದು ನಿಜವಾಗಿಯೂ ಬಾಯಿ. ಈ ಸಲ ನಾನು ನಾನೇ ಎಂದು ಚಿತ್ರವೇ ಹೇಳಿದ ಹಾಗೆ.

ಮೂರನೆಯ ಬಗೆ ಅವಳಿಗೆ ಎಲ್ಲಕ್ಕಿಂತ ಇಷ್ಟ. ಅದಕ್ಕಾಗಿ ಒಂದು ಮನೆ, ಅದರ ಕೆಳಗೆ ಒಂದು ಬಾಯಿ, ಪಕ್ಕದಲ್ಲಿ ನಡೆಯುತ್ತಿರುವ ಎರಡು ಕಾಲು ಬರೆದು, ಇದೇನು ಓದಿ ಎಂದಳು. ಪಾತ್ರೆ ಒರೆಸುತ್ತಿದ್ದ ಹೆಂಡತಿ ಅಲ್ಲಿಂದಲೇ ಓದಿದಳು.

“ಮನೇಲಿ ಬಾಯಿ ಮಾಡ್ಕೊಂಡು ಎದ್ದು ಹೋದ್ರು ಅಂತ. ನಿಮ್ಮಪ್ಪನ ಬಗ್ಗೆನಾ?”

ಮಗಳು ನಕ್ಕು, ತಪ್ಪಾದರೂ ಹತ್ತಿರ ಬಂದೆ ಎಂದಳು. ಆ ಜನರ ಮಾತಿನಲ್ಲಿ ಮನೆಯ ಹೆಸರಿನಲ್ಲಿ ಇದ್ದ ವ್ಯಂಜನಗಳು ‘ಪ್’ ಮತ್ತು ‘ರ್’. ಹೊರಗೆ ಹೋಗುವುದಕ್ಕೆ ಇದ್ದ ಪದದಲ್ಲೂ ಅವೇ. ಆದ್ದರಿಂದ ಮನೆಯ ಚಿತ್ರ ಇಲ್ಲಿ ದನಿಗಾಗಿ ಬಂದಿದೆ. ಕೆಳಗಿನ ಬಾಯಿ, ಕೊನೆಯಲ್ಲಿ ‘ರ್’ ಇದೆ ನೋಡು ಎಂದು ನೆನಪಿಸುತ್ತದೆ. ಕಾಲುಗಳಿಗೆ ದನಿಯೇ ಇಲ್ಲ, ಅವನ್ನು ಓದಬಾರದು. ಇದು ನಡೆಯುವ, ಹೋಗುವ ಸಂಗತಿ ಎಂದು ಸುಮ್ಮನೆ ಸೂಚಿಸಲು ಅವು ಪದದ ಕೊನೆಗೆ ನಿಲ್ಲುತ್ತವೆ. ಅಂಥ ಮೂಕ ಗುರುತುಗಳು ನೂರಾರಿವೆ. ಅವಳ ಪುಸ್ತಕದಲ್ಲಿ ಕೈಯನ್ನು ಬಾಯಿಗೆ ತಂದುಕೊಂಡು ಕೂತ ಒಬ್ಬ ಮನುಷ್ಯನಿದ್ದ. ಉಣ್ಣು ಎಂಬ ಪದದ ಕೊನೆಗೂ ಅವನೇ, ಮಾತಾಡು ಎಂಬುದರ ಕೊನೆಗೂ ಅವನೇ, ಯೋಚಿಸು ಎಂಬುದಕ್ಕೂ, ಸುಮ್ಮನಿರು ಎಂಬುದಕ್ಕೂ ಅವನೇ. ಇವಿಷ್ಟನ್ನೂ ಒಬ್ಬನೇ ಹೇಗೆ ಹೇಳುತ್ತಾನೆ ಎಂದು ಕೇಳಿದೆ. ಅವನೊಬ್ಬನೇ ಇರುವುದಿಲ್ಲ, ಅವನ ಮುಂದೆ ದನಿಯ ಚಿತ್ರಗಳು ಇರುತ್ತವಲ್ಲ, ಅವು ಹೇಳುತ್ತವೆ ಎಂದಳು.

ಸಾಲನ್ನು ಎಡದಿಂದಲೂ ಬರೆಯಬಹುದು, ಬಲದಿಂದಲೂ ಬರೆಯಬಹುದು. ಹಕ್ಕಿಗಳು, ಮನುಷ್ಯರು ಯಾವ ಕಡೆಗೆ ಮುಖ ಮಾಡಿದ್ದಾರೋ ಆ ಕಡೆಯಿಂದ ಓದಬೇಕು, ಅವರ ಎದುರಿಗೆ ಹೋಗಿ ಭೇಟಿಯಾದಂತೆ. ಸ್ವರಗಳನ್ನು ಮಾತ್ರ ಅವರು ಬರೆಯುತ್ತಲೇ ಇರಲಿಲ್ಲ. ಆದ್ದರಿಂದ ಅವರ ಪದಗಳು ನಿಜವಾಗಿ ಹೇಗೆ ಕೇಳಿಸುತ್ತಿದ್ದವು ಎಂದು ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ. ಓದಲು ಅನುಕೂಲವಾಗಲಿ ಎಂದು ವಿದ್ವಾಂಸರು ನಡುನಡುವೆ ಒಂದೊಂದು ‘ಎ’ ಸೇರಿಸಿಕೊಳ್ಳುತ್ತಾರೆ. ಇದನ್ನು ಕನ್ನಡದಲ್ಲಿ ಮಗಳಿಗೆ ಹೇಳಿಕೊಡುವಾಗ ನಾನು ಅಮ್ಮನ ಕಡೆ ನೋಡಿದೆನೋ ಇಲ್ಲವೋ ನೆನಪಿಲ್ಲ. ಅಮ್ಮನಲ್ಲಿ ಉಳಿದಿದ್ದದ್ದು ಬರೀ ಸ್ವರ. ಇದು ಆಗಲೇ ಹೊಳೆಯಿತೋ, ಈಗ ಬರೆಯುವಾಗ ಹೊಳೆಯುತ್ತಿದೆಯೋ, ಅದನ್ನೂ ಹೇಳಲಾರೆ.

ಮೇಜಿನ ಮೇಲಿದ್ದ ಥೆರಪಿಯ ಹಲಗೆಯನ್ನು ಮಗಳು ಒಂದು ದಿನ ಎತ್ತಿ, ತನ್ನ ಗೋಡೆಯ ಪಕ್ಕ ಹಿಡಿದು ನೋಡಿದಳು.

“ಅಪ್ಪ, ಇದ್ರಲ್ಲಿ ಸೌಂಡ್ಸೇ ಇಲ್ಲ,” ಎಂದಳು. “ಓನ್ಲಿ ಥಿಂಗ್ಸ್. ಅಜ್ಜಿ ‘ನಿನ್ನೆ’ ಅಂತ ಹೇಗೆ ಹೇಳ್ತಾರೆ? ‘ಯಾಕೆ’ ಅಂತ?”

ಮೊದಲು ಹೋಮ್‌ವರ್ಕ್ ಮುಗಿಸು ಎಂದೆ.

ಪಾಠದ ಕೊನೆಯ ಭಾಗ ಹೆಸರುಗಳದು. ರಾಜರ ಹೆಸರನ್ನು ಅವರು ಬಿಡಿಯಾಗಿ ಬರೆಯುತ್ತಿರಲಿಲ್ಲ. ಸುತ್ತಲೂ ಹಗ್ಗದ ಒಂದು ಉದ್ದನೆಯ ಕುಣಿಕೆ ಬರೆದು, ತುದಿಯಲ್ಲಿ ಗಂಟು ಹಾಕಿ, ಹೆಸರನ್ನು ಅದರೊಳಗೆ ಇಡುತ್ತಿದ್ದರು. ಹೆಸರಿಗೆ ಕೆಡುಕಾದರೆ ಹೆಸರಿನವನಿಗೂ ಕೆಡುಕು ಎಂಬ ನಂಬಿಕೆ. ಪುಟ್ಟ ಮಕ್ಕಳಿಗೆ ಹಂಚಲು ಮಾದರಿಗಳು ಬೇಕೆಂದು ಮಗಳು ದಪ್ಪ ಕಾರ್ಡುಗಳ ಮೇಲೆ ನಮ್ಮೆಲ್ಲರ ಹೆಸರನ್ನೂ ಕುಣಿಕೆಯೊಳಗೆ ಬರೆದಳು. ಒಂದೊಂದೇ ಕಾರ್ಡನ್ನು ಅಜ್ಜಿಯ ಮುಂದೆ ಹಿಡಿದು, ಚಿತ್ರಗಳ ಮೇಲೆ ಬೆರಳಾಡಿಸುತ್ತ ಓದಿದಳು. ತನ್ನದು, ತನ್ನ ಅಮ್ಮನದು, ನನ್ನದು, ಅಜ್ಜಿಯದು. ಅಮ್ಮ ಬಾಗಿ ನೋಡುತ್ತಿದ್ದಳು. ಗಂಟಿನ ಮೇಲೆ ಎಡಗೈಯ ಬೆರಳು ಇಟ್ಟಳು. ಐದನೆಯದು ತಾತನ ಹೆಸರು. ಮಗಳು ಅದನ್ನು ಗಟ್ಟಿಯಾಗಿ ಓದಿ, ಈಗ ನೀವು ಹೇಳಿ ಅಜ್ಜಿ ಎಂದಳು.

ಅಮ್ಮ ತುಟಿ ಒಳಕ್ಕೆ ಎಳೆದುಕೊಂಡು ಮುಖ ತಿರುಗಿಸಿದಳು. ಎಡಗೈಯಿಂದ ಸೆರಗು ಸರಿಮಾಡಿಕೊಂಡಳು.

ನೋಡು, ಇದೇ, ಈ ಹೆಸರೇ ಅವಳಿಗೆ ಗೊತ್ತಾಗುತ್ತಿಲ್ಲ ಎಂದೆ ನಾನು. ಮಗಳು ಕಾರ್ಡು ಕೆಳಗಿಟ್ಟು ನನ್ನನ್ನೇ ನೋಡಿದಳು.

“ನೋ ಅಪ್ಪ. ಶೀ ನೋಸ್. ಅಮ್ಮ ನಿನ್ನ ಹೆಸರು ಹಿಡಿದು ಕೂಗ್ತಾಳಲ್ಲ, ಆಗ್ಲೂ ಅಜ್ಜಿ ಹೀಗೇ ಮಾಡ್ತಾರೆ. ಬಂದಾಗ್ನಿಂದ.”

ಒಂದು ಕ್ಷಣ ನನಗೆ ಏನೂ ಅರ್ಥವಾಗಲಿಲ್ಲ. ಅಮ್ಮ ಅಪ್ಪನನ್ನು ಏನೆಂದು ಕರೆಯುತ್ತಿದ್ದಳು? ‘ರೀ’ ಎನ್ನುತ್ತಿದ್ದಳು. ‘ಕೇಳಿಸ್ತಾ’ ಎನ್ನುತ್ತಿದ್ದಳು. ನನ್ನ ಬಳಿ ‘ನಿಮ್ಮಪ್ಪ’, ಬಂದವರ ಬಳಿ ‘ಇವರು’. ಅಪ್ಪ ಹೋದ ಮೇಲೆ ಪಿಂಚಣಿ ಕಚೇರಿಯ ಗುಮಾಸ್ತ ಯಜಮಾನರ ಹೆಸರೇನಮ್ಮ ಎಂದಾಗ ಅವಳು ಮೊಣಕೈಯಿಂದ ನನ್ನನ್ನು ತಿವಿದು ಮುಂದೆ ತಳ್ಳಿದಳು. ಅಥವಾ ಹಾಗೆ ಆಯಿತೆಂದು ಆ ಸಂಜೆಯಿಂದ ನನಗೆ ಅನ್ನಿಸತೊಡಗಿದೆ. ಆ ವರ್ಷದ ಡೈರಿಯಲ್ಲಿ ಕಚೇರಿಯ ವಿಷಯವಿದೆ, ಮೊಣಕೈ ಇಲ್ಲ. ನನ್ನನ್ನು ನಾನು ನಂಬದೆ, ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಮೈಸೂರಿನ ಸೋದರತ್ತೆಗೆ ಫೋನ್ ಮಾಡಿದೆ. ಅಪ್ಪನ ಒಬ್ಬಳೇ ತಂಗಿ. ನಡೆದದ್ದನ್ನು ಕೇಳಿ ಅವರು ಮೊದಲು ನಕ್ಕರು.

“ನಿಮ್ಮಮ್ಮನ ಬಾಯಲ್ಲಿ ಅಣ್ಣನ ಹೆಸರಾ? ಮದುವೇಲಿ ಬಾಗಿಲು ಅಡ್ಡಗಟ್ಟಿ ನಿಂತವಳು ನಾನು ಕಣೋ. ಗಂಡನ ಹೆಸರು ಹೇಳು, ಒಳಗೆ ಬಿಡ್ತೀನಿ ಅಂದೆ. ನನ್ನ ಕಾಲು ನೋವು ಬಂತೇ ಹೊರತು ಅತ್ತಿಗೆ ತುಟಿ ಬಿಚ್ಚಲಿಲ್ಲ. ಕೊನೆಗೆ ನಮ್ಮಮ್ಮಾನೇ ಬೈದು ಬಿಡಿಸಿದ್ರು. ಅವತ್ತು ನನಗೆ ಹೇಳದವಳು ನಿಮ್ಮೂರಿನ ಡಾಕ್ಟ್ರಮ್ಮ ಕೇಳಿದ್ಲು ಅಂತ ಹೇಳ್ತಾಳೇನೋ?”

ಆಮೇಲೆ ಅವರ ನಗು ನಿಂತಿತು. ಹೋದಾಗಲೆಲ್ಲ ಅದನ್ನೇ ಕೇಳಿದಿರಾ ಎಂದರು. ಹೌದು ಎಂದೆ.

“ಇಷ್ಟು ಓದಿದೀಯ,” ಎಂದರು. ಅಷ್ಟೇ ಹೇಳಿ ಅಮ್ಮನಿಗೆ ಊಟ ಸೇರುತ್ತಿದೆಯಾ ಎಂದು ವಿಚಾರಿಸಿದರು.

ಅದೇ ದಿನ ಮಧ್ಯಾಹ್ನ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಥೆರಪಿಸ್ಟ್‌ಗೆ ಕರೆ ಮಾಡಿದೆ. ನಮ್ಮಲ್ಲಿ ಆ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಭಾವನೆ, ಅವನು ಹೋದ ಮೇಲೂ ಆ ಅಭ್ಯಾಸ ಹೋಗುವುದಿಲ್ಲ ಎಂದು ವಿವರಿಸಿದೆ. ಪಟ್ಟಿಯ ಮೊದಲಿಗೆ ಆ ಹೆಸರನ್ನು ಬರೆದವನು ನಾನೇ ಎಂದೂ ಹೇಳಿದೆ. ಅವರು, ತಾವೂ ವಿಚಾರಿಸಬೇಕಿತ್ತು ಎಂದರು. ಆದರೆ ಕಡತ ಮುಚ್ಚಿತ್ತು, ಮತ್ತೆ ತೆರೆಯಲು ಡಾಕ್ಟರ ಹೊಸ ಚೀಟಿ ಬೇಕು, ಇನ್ಶೂರೆನ್ಸ್‌ನವರು ಹಳೆಯ ವರದಿಯನ್ನು ಮುಂದಿಟ್ಟುಕೊಂಡು ಒಪ್ಪುವುದು ಅನುಮಾನ. ಇನ್ನೊಂದು ಮಾತನ್ನೂ ಅವರು ಮೆಲ್ಲಗೆ ಹೇಳಿದರು. ಒಂದು ಹೆಸರನ್ನು ಬೇಕೆಂದೇ ಹೇಳಲಿಲ್ಲ ಎಂದರೆ ಉಳಿದ ಒಂಬತ್ತನ್ನೂ ಹೇಳಬಲ್ಲರು ಎಂದಾಗುವುದಿಲ್ಲ. ‘ನೀರು’ ಎಂದು ಕೂಡ ಅವರು ಹೇಳಲಿಲ್ಲವಲ್ಲ.

ಅದು ನಿಜ. ಅಮ್ಮ ಮುನಿಸಿಕೊಂಡು ಗೋಡೆ ನೋಡುತ್ತಿದ್ದಳು ಎಂಬುದು ಈಗ ನನಗೆ ಬೇಕಾದ ಕತೆ. ಅವಳೊಳಗೆ ಪದಗಳೇ ಇರಲಿಲ್ಲ ಎಂಬುದೂ ಅಷ್ಟೇ ಸಾಧ್ಯ. ಯಾವುದನ್ನು ಒಪ್ಪಿದರೆ ನನ್ನ ತಪ್ಪು ಚಿಕ್ಕದಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆಯೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ವಾರಕ್ಕೆರಡು ದಿನ ನಾನು ಅವಳನ್ನು ಕಾರಿನಲ್ಲಿ ನಮ್ಮ ಮನೆಯಿರುವ ಬೆಟ್ಟ ಇಳಿಸಿ, ಕೋಣೆಯಲ್ಲಿ ಕೂರಿಸಿ, ನಲವತ್ತಾರು ವರ್ಷ ಕಾಪಾಡಿಕೊಂಡದ್ದನ್ನು ಅನ್ಯರ ಮುಂದೆ ಬಿಡು ಎಂದು ಕೂಗಿದ್ದಂತೂ ನಿಜ. ಅದಕ್ಕೆ ಬೇರೆ ಕತೆಯಿಲ್ಲ.

ಟಿಕೆಟ್ಟಿಗೆ ಮೂರು ವಾರ ಉಳಿದಿತ್ತು. ಹೊಸ ಪಟ್ಟಿ ಬರೆದೆ. ಅದರಲ್ಲಿ ಹೆಸರುಗಳೇ ಇರಲಿಲ್ಲ. ಬೆಳಿಗ್ಗೆ ಫಿಲ್ಟರ್ ಕಾಫಿಯ ಲೋಟವನ್ನು ಅವಳ ಮೂಗಿನ ಹತ್ತಿರ ಹಿಡಿದು ‘ಕಾ’ ಎಂದು ನಿಲ್ಲಿಸುತ್ತಿದ್ದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮುಖ ತಿರುಗಿಸುತ್ತಿರಲಿಲ್ಲ. ದವಡೆ ಸ್ವಲ್ಪ ಅಲುಗುತ್ತಿತ್ತು, ಗಂಟಲಲ್ಲಿ ಏನೋ ಏರಿ ಇಳಿಯುತ್ತಿತ್ತು. ಒಂದು ದಿನ ‘ಕ’ ಎಂಬಂಥ ದನಿ ಬಂತು. ಮಗಳು ಕುಣಿದಳು. ಕೆಮ್ಮೂ ಇರಬಹುದು ಎಂದಳು ಹೆಂಡತಿ. ಡೈರಿಯಲ್ಲಿ ಒಂದು ‘ಕ’ ಬರೆದು ಮುಂದೆ ಪ್ರಶ್ನೆಯ ಗುರುತು ಹಾಕಿದ್ದೇನೆ. ಅದು ಇನ್ನೊಮ್ಮೆ ಬರಲಿಲ್ಲ.

ಶಾಲೆಯ ಪಾಠಕ್ಕೆ ನಾನು ಹೋಗಿದ್ದೆ. ಎರಡನೆಯ ತರಗತಿಯವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮನೆ, ಬಾಯಿ, ಕಾಲಿನ ಚಿತ್ರ ಕಂಡು ಎಲ್ಲರೂ ಒಟ್ಟಿಗೆ ಕೂಗಾಡಿದರು. ಸ್ವರಗಳಿಲ್ಲ ಎಂದಾಗ ಹಲ್ಲು ಬಿದ್ದ ಒಬ್ಬ ಹುಡುಗಿ ಕೈಯೆತ್ತಿ, ಹಾಗಾದರೆ ಆ ರಾಜನನ್ನು ಈಗ ಕರೆದರೆ ತನ್ನನ್ನೇ ಕರೆಯುತ್ತಿದ್ದಾರೆ ಎಂದು ಅವನಿಗೆ ಗೊತ್ತಾಗುತ್ತದೆಯೇ ಎಂದು ಕೇಳಿದಳು. ಮಗಳು ಸ್ವಲ್ಪ ಯೋಚಿಸಿ, ಬಹುಶಃ ಇಲ್ಲ ಎಂದಳು. ಹಂಚಿದ ಕಾರ್ಡುಗಳಲ್ಲಿ ತಾತನದು ಇರಲಿಲ್ಲ. ಅದು ಮನೆಯಲ್ಲಿ ಅಮ್ಮನ ದಿಂಬಿನ ಕೆಳಗೆ ಇತ್ತು. ಅಲ್ಲಿ ಯಾರು ಇಟ್ಟರೆಂದು ಮಗಳನ್ನು ಕೇಳಿದ್ದಕ್ಕೆ ತಾನಲ್ಲ ಎಂದಿದ್ದಳು.

ಊರಿಗೆ ಹೊರಡುವ ಎರಡು ದಿನ ಮೊದಲು, ಒಂದು ಭಾನುವಾರ ಮಧ್ಯಾಹ್ನ, ಹೆಂಡತಿ ಮತ್ತು ಮಗಳು ಅಂಗಡಿಗೆ ಹೋಗಿದ್ದರು. ಅಮ್ಮ ಅದೇ ಕುರ್ಚಿಯಲ್ಲಿದ್ದಳು. ನಾನು ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಹೇಳಬೇಕಾದ್ದನ್ನು ಮೊದಲೇ ಯೋಚಿಸಿಕೊಂಡಿದ್ದೆ. ಮೊದಲು ಅಪ್ಪನ ಹೆಸರಿನ ವಿಷಯ. ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ, ತಪ್ಪಾಯಿತು ಎಂದೆ. ಆಮೇಲೆ ಅಡುಗೆಮನೆಯ ಆ ಸಂಜೆಯ ವಿಷಯ.

“ಅವತ್ತು ನಾವು ಆಡಿದ್ದೆಲ್ಲ ನಿನಗೆ ಕೇಳಿಸ್ತಿತ್ತಾ ಅಮ್ಮ?”

ಅವಳು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ಡೈರಿಯಲ್ಲಿದೆ. ಆಮೇಲೆ ಎಡಗೈಯನ್ನು ಮಡಿಲಿನಿಂದ ನಿಧಾನವಾಗಿ ಎತ್ತಿ, ಬೆರಳುಗಳನ್ನು ಒಟ್ಟುಮಾಡಿ, ಬಾಯಿಯ ಹತ್ತಿರ ತಂದಳು. ಅಲ್ಲಿಯೇ ಹಿಡಿದಳು.

ಆ ಪುಸ್ತಕದ ಮನುಷ್ಯ ಕೂತಿದ್ದದ್ದು ಹಾಗೆಯೇ. ಅವನ ಮುಂದೆ ದನಿಗಳಿರುತ್ತವೆ. ಅಮ್ಮನ ಮುಂದೆ ಏನೂ ಇರಲಿಲ್ಲ. ಸುಮ್ಮನಿರು ಎನ್ನುತ್ತಿದ್ದಾಳೋ, ಹೇಳುವುದಿದೆ ಎನ್ನುತ್ತಿದ್ದಾಳೋ, ಇದನ್ನೆಲ್ಲ ಯಾರಾದರೂ ಬಾಯಿಬಿಟ್ಟು ಕೇಳುತ್ತಾರೇನೋ ಎನ್ನುತ್ತಿದ್ದಾಳೋ. ಒಂದೊಂದನ್ನೂ ಕೇಳಿದೆ. ಯಾವುದಕ್ಕೂ ಅವಳು ತಲೆಯಾಡಿಸಲಿಲ್ಲ, ಕೈಯನ್ನೂ ಇಳಿಸಲಿಲ್ಲ.

ಕೊನೆಗೆ, ಹಸಿವಾಗ್ತಿದೆಯಾ ಎಂದು ಕೇಳಿ ಉತ್ತರಕ್ಕೆ ಕಾಯದೆ ಎದ್ದೆ. ಮೊಸರನ್ನ ಕಲಸಿ ತಂದೆ. ಚಮಚ ಹುಡುಕದೆ ಕೈಯಿಂದಲೇ ತುತ್ತು ಮಾಡಿ ಹಿಡಿದೆ. ಅವಳು ಕೈ ಇಳಿಸಿ ಬಾಯಿ ತೆರೆದಳು. ಬಟ್ಟಲು ಖಾಲಿಯಾಗುವವರೆಗೂ ತಿಂದಳು. ಹಸಿವೇ ಆಗಿತ್ತೋ, ನನಗೆ ಮಾಡಲು ಅಷ್ಟೇ ಬರುತ್ತದೆ ಎಂದು ತಿಂದಳೋ ಗೊತ್ತಿಲ್ಲ. ಆ ದಿನದ ಪುಟದಲ್ಲಿ ‘ಅಮ್ಮ ಪೂರ್ತಿ ಊಟ ಮಾಡಿದಳು’ ಎಂದಷ್ಟೇ ಇದೆ.